ಕವಿಕುಲತಿಲಕ ಶ್ರೀ ತ್ರಿವಿಕ್ರಮ ಪಂಡಿತಾಚಾರ್ಯರು

ಮಾಘ ಶುದ್ಧ ನವಮಿಯಂದು ಮುಂಬಯಿ ಮಹಾನಗರದ ಯಾವ ಮಾಧ್ವ ಮಠಕ್ಕೆ ಹೋದರೂ ವಾಯುಸ್ತುತಿ ಪುನಶ್ಚರಣೆಯ ಧ್ವನಿ ಕಿವಿಗೆ ಬೀಳುತ್ತದೆ. ಸಾಂತಾಕ್ರೂಜ್, ಅಂಧೇರಿ, ಸಯನ್, ಮುಲುಂಡ್, ಮೀರಾರೋಡ್ ಎಂದು ಉಪನಗರಗಳುದ್ದಕ್ಕೂ ಹಬ್ಬಿರುವ ನಮ್ಮ ಭಕ್ತಕುಟುಂಬಗಳಲ್ಲಿ ಈ ಸ್ತೋತ್ರವನ್ನು ಬಾಲ್ಯದಲ್ಲಿಯೇ ಕಂಠಸ್ಥ ಮಾಡಿದವರು ಇಂದಿಗೂ ಅನೇಕರಿದ್ದಾರೆ. ಲೋಕಲ್ ರೈಲಿನ ಜನಸಂದಣಿಯಲ್ಲಿ ನಿಂತುಕೊಂಡೇ ಮನಸ್ಸಿನಲ್ಲಿ ಅದನ್ನು ಪಾರಾಯಣ ಮಾಡಿ ಮುಗಿಸುವವರೂ ಇದ್ದಾರೆ. ಆದರೆ ಈ ಸ್ತೋತ್ರವನ್ನು ರಚಿಸಿದ ಮಹನೀಯರ ಜೀವನಚರಿತ್ರೆಯನ್ನು ಕೇಳಿದರೆ, ಅವರು ಮೊದಲು ಅದ್ವೈತಿಗಳಾಗಿದ್ದರು, ಅನಂತರ ಶ್ರೀಮದಾಚಾರ್ಯರ ಶಿಷ್ಯರಾದರು ಎಂಬ ಒಂದು ವಾಕ್ಯದಲ್ಲಿ ಉತ್ತರವು ಮುಗಿದುಹೋಗುವುದುಂಟು. ಆ ಒಂದು ವಾಕ್ಯದ ಹಿಂದೆ ಇರುವ ವಿಸ್ತಾರವಾದ ಕಥೆಯು ವೇದಾಂತದ ಪ್ರಮುಖ ಮತಗಳನ್ನು ತಿಳಿಯಲು ಒಂದು ಒಳ್ಳೆಯ ಪ್ರವೇಶದ್ವಾರವೂ ಆಗಿದೆ.

ಪಂಡಿತಾಚಾರ್ಯರ ಚರಿತ್ರೆಗೆ ನಮಗೆ ದೊರೆಯುವ ಮುಖ್ಯ ಆಧಾರವು ಅವರ ಸುಪುತ್ರರಾದ ಶ್ರೀ ನಾರಾಯಣ ಪಂಡಿತಾಚಾರ್ಯರು ರಚಿಸಿದ ಸುಮಧ್ವವಿಜಯ. ಹದಿನಾರು ಸರ್ಗಗಳ ಈ ಮಹಾಕಾವ್ಯದ 13ನೆಯ ಸರ್ಗದಲ್ಲಿ ಪಂಡಿತಾಚಾರ್ಯರ ವಂಶ ಮತ್ತು ಬಾಲ್ಯದ ವರ್ಣನೆಯಿದೆ. 15ನೆಯ ಸರ್ಗದಲ್ಲಿ ಶ್ರೀಮದಾಚಾರ್ಯರೊಡನೆ ನಡೆದ ವಾದದ ವರ್ಣನೆಯಿದೆ. ನಾರಾಯಣ ಪಂಡಿತಾಚಾರ್ಯರು ತಮ್ಮ ಕಾವ್ಯಕ್ಕೆ ತಾವೇ ಭಾವಪ್ರಕಾಶಿಕಾ ಎಂಬ ಟಿಪ್ಪಣಿಯನ್ನು ಬರೆದು, ಸಂಸ್ಕೃತೀಕರಣಗೊಂಡ ಹೆಸರುಗಳಿಗೆ ಮೂಲವಾದ ದೇಶೀಯ ಹೆಸರುಗಳನ್ನು ಅಲ್ಲಿ ತಿಳಿಸಿದ್ದಾರೆ. ಅವರ ಈ ಮುಂದಾಲೋಚನೆ ಇಲ್ಲದಿದ್ದರೆ ಕಾವ್ಯದಲ್ಲಿ ಬರುವ ಅನೇಕ ಊರುಗಳು ಯಾವುವೆಂದು ಇಂದು ಗುರುತಿಸುವುದು ಕಷ್ಟವಾಗುತ್ತಿತ್ತು. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ತಂದೆಯ ವಿಜಯವನ್ನು ಹಾಡಿದ ಮಕ್ಕಳು ಲೋಕದಲ್ಲಿ ಬಹಳ ಮಂದಿ. ತಂದೆಯು ವಾದದಲ್ಲಿ ಸೋತ ಪ್ರಸಂಗವನ್ನು ಒಂದು ಸರ್ಗವಾಗಿ ವಿಸ್ತರಿಸಿ, ಅದನ್ನೇ ತಮ್ಮ ಕುಲದ ಮಹಾಭಾಗ್ಯವೆಂದು ಭಾವಿಸಿ ಬರೆದ ಮಗ ಅಪರೂಪ. ತಂದೆಯ ಪಾಂಡಿತ್ಯವನ್ನು ಅವರು ಎಲ್ಲಿಯೂ ಕುಗ್ಗಿಸಲಿಲ್ಲ. ಸೋಲನ್ನು ಮರೆಮಾಚಲೂ ಇಲ್ಲ.

ಕಥೆ ನಡೆಯುವುದು ತುಳುನಾಡಿನ ದಕ್ಷಿಣದ ಅಂಚಿನಲ್ಲಿ. ಇಂದಿನ ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿದ ಕುಂಬಳೆ, ಮಧೂರು, ಕೂಡ್ಲು ಮುಂತಾದ ಊರುಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ನಮ್ಮಲ್ಲಿ ಅನೇಕರ ಹಿರಿಯರು ಅಲ್ಲಿಂದಲೇ ಮುಂಬಯಿಗೆ ಬಂದವರು. 13ನೆಯ ಶತಮಾನದಲ್ಲಿ ಆ ಸೀಮೆಯನ್ನು ಆಳುತ್ತಿದ್ದವನು ಕುಂಬಳೆಯ ಅರಸನಾದ ಜಯಸಿಂಹ. ಅವನ ರಾಜ್ಯದಲ್ಲಿ ವಿದ್ವತ್ತಿಗೆ ಮಾನ್ಯತೆಯಿತ್ತು. ಅಲ್ಲಿ ನೆಲೆಸಿದ್ದ ಆಂಗಿರಸ ಗೋತ್ರದ ಲಿಕುಚ ಎಂಬ ಮನೆತನವು ಪಾಂಡಿತ್ಯಕ್ಕೆ ಹೆಸರಾದುದು. ತುಳುವಿನಲ್ಲಿ ಈ ಮನೆತನಕ್ಕೆ ಪೆಜತ್ತಾಯ ಎಂದು ಹೆಸರು. ಪೆಜ ಎಂದರೆ ಕಾಡುಹಲಸಿನ ಜಾತಿಯ ಮರ. ಅದನ್ನೇ ಸಂಸ್ಕೃತದಲ್ಲಿ ಲಿಕುಚವೆಂದು ಕರೆದರು. ಮರದ ಹೆಸರನ್ನು ಹೊತ್ತ ಮನೆತನಗಳು ತುಳುವ ಬ್ರಾಹ್ಮಣರಲ್ಲಿ ಇನ್ನೂ ಇವೆ.

ಈ ಮನೆತನದ ಸುಬ್ರಹ್ಮಣ್ಯ ಭಟ್ಟರಿಗೆ ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಹರಿಹರರ ಸೇವೆಯ ಫಲವಾಗಿ ತ್ರಿವಿಕ್ರಮರು ಜನಿಸಿದರೆಂದು ಪರಂಪರೆ ಹೇಳುತ್ತದೆ. ಮಾತು ತೊದಲುವ ವಯಸ್ಸಿನಲ್ಲಿಯೇ ಛಂದೋಬದ್ಧವಾಗಿ ನುಡಿಯುತ್ತಿದ್ದರೆಂಬ ಪ್ರತೀತಿ ಅವರ ಕವಿತ್ವಶಕ್ತಿಗೆ ಸಲ್ಲಿಸಿದ ಗೌರವ. ತಾರುಣ್ಯದಲ್ಲಿಯೇ ಅವರು ಉಷಾಹರಣ ಎಂಬ ಕಾವ್ಯವನ್ನು ರಚಿಸಿದರು. ಬಾಣಾಸುರನ ಮಗಳಾದ ಉಷೆ ಮತ್ತು ಶ್ರೀಕೃಷ್ಣನ ಮೊಮ್ಮಗನಾದ ಅನಿರುದ್ಧರ ಕಥೆಯನ್ನು ಆರಿಸಿಕೊಂಡ ಆ ಕಾವ್ಯವು, ಮತಾಂತರಕ್ಕೆ ಮೊದಲೇ ಅವರ ಹೃದಯವು ಯಾವ ಕಡೆಗೆ ಒಲಿದಿತ್ತೆಂಬುದನ್ನು ಸೂಚಿಸುತ್ತದೆ ಎಂದು ನಮಗೆ ತೋರುತ್ತದೆ.

ಅಂದಿನ ರೂಢಿಯಂತೆ ತ್ರಿವಿಕ್ರಮರು ಅಭ್ಯಾಸ ಮಾಡಿದ ವೇದಾಂತವು ಅದ್ವೈತ. ಅದರಲ್ಲಿ ಅವರು ಪಾರಂಗತರಾದರು. ಆದರೆ ನಿರ್ಗುಣವಾದ, ಯಾವ ಆಕಾರವೂ ಯಾವ ವಿಶೇಷವೂ ಇಲ್ಲದ ತತ್ತ್ವವನ್ನು ಧ್ಯಾನಿಸುವುದಾದರೂ ಹೇಗೆ ಎಂಬ ಸಂದೇಹವು ಅವರನ್ನು ಕಾಡುತ್ತಿತ್ತು. ತಂದೆಯವರು ಮಗನನ್ನು ಏಕಾಂತದಲ್ಲಿ ಕರೆದು, ಕಲಿಯುಗದಲ್ಲಿ ನಿರ್ಗುಣಧ್ಯಾನವು ಫಲಿಸುವುದು ಕಷ್ಟ, ಆದ್ದರಿಂದ ಸಗುಣನಾದ ಮುಕುಂದನನ್ನೇ ಉಪಾಸಿಸು ಎಂದು ಉಪದೇಶಿಸಿದರಂತೆ. ಬುದ್ಧಿಯು ಒಂದು ಸಿದ್ಧಾಂತದಲ್ಲಿ, ಭಕ್ತಿಯು ಇನ್ನೊಂದರಲ್ಲಿ. ಹೀಗೆ ಎರಡು ಮನೆಗಳಲ್ಲಿ ವಾಸಮಾಡುವ ಪರಿಸ್ಥಿತಿಯು ಅವರಿಗೆ ಬಹುಕಾಲ ಇತ್ತು. ಹೊರಗೆ ಅವರು ರಾಜಮಾನ್ಯರಾದ ವಿದ್ವಾಂಸರು. ಒಳಗೆ ಉತ್ತರ ಸಿಗದ ಪ್ರಶ್ನೆಯೊಂದು ಬೆಳೆಯುತ್ತಲೇ ಇತ್ತು.

ಆ ಕಾಲದ ವೇದಾಂತದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಉಪನಿಷತ್ತುಗಳ ಅರ್ಥವನ್ನು ನಿರ್ಣಯಿಸಲು ಭಗವಾನ್ ವೇದವ್ಯಾಸರು ರಚಿಸಿದ ಬ್ರಹ್ಮಸೂತ್ರಗಳು ಅತ್ಯಂತ ಸಂಕ್ಷಿಪ್ತ. ಕೆಲವು ಸೂತ್ರಗಳಲ್ಲಿ ಎರಡು ಮೂರು ಪದಗಳಿಗಿಂತ ಹೆಚ್ಚಿಲ್ಲ. ಸೂತ್ರಗಳ ಸಂಖ್ಯೆಯಲ್ಲಿಯೇ ಒಮ್ಮತವಿಲ್ಲ. ಶಂಕರರ ಪಾಠದಲ್ಲಿ 555, ರಾಮಾನುಜರ ಪಾಠದಲ್ಲಿ 545, ನಮ್ಮ ಆಚಾರ್ಯರ ಪಾಠದಲ್ಲಿ 564. ಎಲ್ಲಿ ಒಂದು ಸೂತ್ರ ಮುಗಿದು ಇನ್ನೊಂದು ಆರಂಭವಾಗುತ್ತದೆ, ಯಾವುದು ಪೂರ್ವಪಕ್ಷ, ಯಾವುದು ಸಿದ್ಧಾಂತ ಎಂಬುದು ಭಾಷ್ಯಕಾರರ ನಿರ್ಣಯಕ್ಕೆ ಸೇರಿದ ವಿಷಯ. ಆದ್ದರಿಂದಲೇ ಒಂದೇ ಸೂತ್ರಗ್ರಂಥದಿಂದ ಪರಸ್ಪರ ವಿರುದ್ಧವಾದ ದರ್ಶನಗಳು ಹೊರಟವು. ಶ್ರೀಮದಾಚಾರ್ಯರಿಗಿಂತ ಮೊದಲು 21 ಭಾಷ್ಯಗಳಿದ್ದವೆಂದು ನಮ್ಮ ಸಂಪ್ರದಾಯವು ಎಣಿಸುತ್ತದೆ. ಭರ್ತೃಪ್ರಪಂಚ, ಶಂಕರ, ಭಾಸ್ಕರ, ಯಾದವಪ್ರಕಾಶ, ರಾಮಾನುಜ ಮೊದಲಾದವರ ಹೆಸರುಗಳು ಆ ಪಟ್ಟಿಯಲ್ಲಿ ಬರುತ್ತವೆ.

ಶಂಕರರ ಅದ್ವೈತದಲ್ಲಿ ನಿರ್ವಿಶೇಷವಾದ ಬ್ರಹ್ಮವೊಂದೇ ಪರಮಾರ್ಥಸತ್ಯ. ಜೀವನು ವಸ್ತುತಃ ಆ ಬ್ರಹ್ಮವೇ. ಅವಿದ್ಯೆಯಿಂದ ತಾನು ಬೇರೆ ಎಂದು ತಿಳಿದಿದ್ದಾನೆ. ಜಗತ್ತು ಸಂಪೂರ್ಣವಾಗಿ ಇಲ್ಲವೆಂದು ಅವರು ಹೇಳುವುದಿಲ್ಲ. ಅದು ವ್ಯವಹಾರದಲ್ಲಿದೆ, ಜ್ಞಾನ ಬಂದಾಗ ಬಾಧಿತವಾಗುತ್ತದೆ, ಆದ್ದರಿಂದ ಸತ್ತೂ ಅಲ್ಲ ಅಸತ್ತೂ ಅಲ್ಲ ಎಂಬುದು ಅವರ ನಿಲುವು. ಅದನ್ನು ಸರಿಯಾಗಿ ತಿಳಿಯದೆ ಹಾಸ್ಯ ಮಾಡುವುದು ನಮ್ಮವರಿಗೂ ಶೋಭಿಸದು. ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಟ್ಟ ಬಳಿಕವೇ ಖಂಡಿಸುವುದು ನಮ್ಮ ಟೀಕಾಚಾರ್ಯರ ಪದ್ಧತಿ. ಭಾಸ್ಕರರು ಭೇದವೂ ಅಭೇದವೂ ಎರಡೂ ಸತ್ಯವೆಂದರು. ಬ್ರಹ್ಮವೇ ಜಗತ್ತಾಗಿ ಪರಿಣಮಿಸುತ್ತದೆ, ಉಪಾಧಿಯ ಸಂಬಂಧದಿಂದ ಜೀವವಾಗುತ್ತದೆ ಎಂಬುದು ಅವರ ಮತ. ರಾಮಾನುಜರ ವಿಶಿಷ್ಟಾದ್ವೈತದಲ್ಲಿ ಶ್ರೀಮನ್ನಾರಾಯಣನು ಅನಂತ ಕಲ್ಯಾಣಗುಣಪೂರ್ಣನು. ಚೇತನರೂ ಜಡಪ್ರಪಂಚವೂ ಅವನ ಶರೀರ. ಶರೀರದಿಂದ ವಿಶಿಷ್ಟನಾದ ಅವನು ಒಬ್ಬನೇ. ಜಗತ್ತು ಸತ್ಯ, ಜೀವರು ಅನೇಕರು, ವಿಷ್ಣುವೇ ಸರ್ವೋತ್ತಮ ಎಂಬ ವಿಷಯಗಳಲ್ಲಿ ನಮಗೂ ಅವರಿಗೂ ಬಹಳ ಸಾಮೀಪ್ಯವಿದೆ. ಆದರೆ ಅವರು ಬ್ರಹ್ಮನನ್ನು ಜಗತ್ತಿನ ಉಪಾದಾನಕಾರಣವೆಂದೂ ಒಪ್ಪುತ್ತಾರೆ. ಮುಕ್ತಜೀವರೆಲ್ಲರ ಆನಂದವು ಸಮಾನವೆಂದು ಹೇಳುತ್ತಾರೆ. ಇವೆರಡನ್ನೂ ಶ್ರೀಮದಾಚಾರ್ಯರು ಒಪ್ಪಲಿಲ್ಲ.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ತತ್ತ್ವವು ಮೊದಲು ಸ್ವತಂತ್ರ, ಅಸ್ವತಂತ್ರ ಎಂದು ಎರಡು ವಿಧ. ಸ್ವತಂತ್ರನು ವಿಷ್ಣುವೊಬ್ಬನೇ. ಉಳಿದುದೆಲ್ಲವೂ ಇದೆ, ಸತ್ಯವಾಗಿಯೇ ಇದೆ, ಆದರೆ ಅವನ ಅಧೀನವಾಗಿ ಇದೆ. ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವಜೀವರಿಗೂ, ಜೀವಜಡಗಳಿಗೂ, ಜಡಜಡಗಳಿಗೂ ಇರುವ ಐದು ಭೇದಗಳು ಅನಾದಿ ಮತ್ತು ಸತ್ಯ. ದ್ವೈತವೆಂಬ ಹೆಸರನ್ನು ಕೇಳಿದೊಡನೆ ಎರಡು ಸಮಾನವಾದ ಮೂಲತತ್ತ್ವಗಳೆಂದು ಭ್ರಮಿಸುವವರಿದ್ದಾರೆ, ಅದು ಸರಿಯಲ್ಲ. ಭೇದವು ಎಷ್ಟು ಮುಖ್ಯವೋ ಅಧೀನತ್ವವೂ ಅಷ್ಟೇ ಮುಖ್ಯ. ಬಿಂಬನಾದ ಭಗವಂತನನ್ನು ಬಿಟ್ಟು ಪ್ರತಿಬಿಂಬನಾದ ಜೀವನಿಗೆ ಇರುವಿಕೆಯಾಗಲಿ ಅರಿವಾಗಲಿ ಚಲನೆಯಾಗಲಿ ಇಲ್ಲ. ಮೋಕ್ಷದಲ್ಲಿಯೂ ಈ ಸಂಬಂಧವು ಅಳಿಯದು. ಜೀವನು ತನ್ನ ಯೋಗ್ಯತೆಗೆ ತಕ್ಕ ಸ್ವರೂಪಾನಂದವನ್ನು ತಾರತಮ್ಯದಿಂದ ಅನುಭವಿಸುತ್ತಾನೆ.

ಈ ಸಿದ್ಧಾಂತವನ್ನು ಸ್ಥಾಪಿಸಿದ ಶ್ರೀಮದಾಚಾರ್ಯರ ಕಾಲವನ್ನು ಅನೇಕ ವಿದ್ವಾಂಸರು 1238ರಿಂದ 1317ರವರೆಗೆ ಎಂದು ನಿರ್ಣಯಿಸಿದ್ದಾರೆ. ಅವರ ಶಿಷ್ಯರಾದ ಶ್ರೀ ನರಹರಿತೀರ್ಥರ, 1281ರ ಶ್ರೀಕೂರ್ಮ ಕ್ಷೇತ್ರದ ಶಾಸನವು ಈ ನಿರ್ಣಯಕ್ಕೆ ಬಲವಾದ ಆಧಾರ. ಆಚಾರ್ಯರು ಉತ್ತರ ಭಾರತದ ಯಾತ್ರೆಗಳನ್ನು ಮುಗಿಸಿ, ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ, ಭಾಷ್ಯಪಾಠವನ್ನು ನಡೆಸುತ್ತಿದ್ದ ಸಮಯಕ್ಕೆ ಅವರ ಕೀರ್ತಿಯು ತುಳುನಾಡಿನ ಎಲ್ಲೆಡೆ ಹರಡಿತ್ತು. ವಿರೋಧವೂ ಅದರೊಡನೆ ಬೆಳೆಯಿತು. ಪುಂಡರೀಕಪುರಿ ಎಂಬ ಯತಿಯು ವಾದದಲ್ಲಿ ಪರಾಭವಗೊಂಡ ಬಳಿಕ ವಿರೋಧಿಗಳು ಇನ್ನೊಂದು ಮಾರ್ಗವನ್ನು ಹಿಡಿದರು. ಪದ್ಮತೀರ್ಥನೆಂಬವನು ಆಚಾರ್ಯರ ಗ್ರಂಥಭಂಡಾರವನ್ನೇ ಅಪಹರಿಸಿದನು.

ಇಂದು ನಮಗೆ ಇದರ ಗಂಭೀರತೆ ಸುಲಭವಾಗಿ ಅರ್ಥವಾಗದು. ಒಂದು ಪುಸ್ತಕ ಕಳೆದುಹೋದರೆ ಇನ್ನೊಂದು ಪ್ರತಿಯನ್ನು ಅಂಗಡಿಯಿಂದ ತರಬಹುದು. ಅಂದು ಗ್ರಂಥವೆಂದರೆ ತಾಳೆಯೋಲೆ. ಲೋಹದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು ಬರೆಯಬೇಕು. ತುಳುನಾಡಿನ ಮಳೆಗಾಲದ ತೇವ, ಗೆದ್ದಲು, ಬೆಂಕಿ ಇವುಗಳಿಂದ ಅದನ್ನು ಕಾಪಾಡುವುದೇ ಒಂದು ಸಾಹಸ. ಆಚಾರ್ಯರು ದೇಶವನ್ನೆಲ್ಲ ಸುತ್ತಿ ಸಂಗ್ರಹಿಸಿದ್ದ ಗ್ರಂಥಗಳೂ ಅವರ ಸ್ವಂತ ಕೃತಿಗಳ ಪ್ರತಿಗಳೂ ಆ ಭಂಡಾರದಲ್ಲಿದ್ದವು. ಅದು ನಾಶವಾಗಿದ್ದರೆ ಆಗ ತಾನೇ ಹುಟ್ಟಿದ ಒಂದು ದರ್ಶನಕ್ಕೆ ತುಂಬಲಾರದ ಹಾನಿಯಾಗುತ್ತಿತ್ತು. ಆ ಭಂಡಾರದ ರಕ್ಷಕರಾಗಿದ್ದವರು ಶಂಕರಪಂಡಿತರು. ಇವರು ನಮ್ಮ ಚರಿತ್ರನಾಯಕರಾದ ತ್ರಿವಿಕ್ರಮರ ತಮ್ಮಂದಿರು! ಅಣ್ಣನು ಅದ್ವೈತದ ಪ್ರಸಿದ್ಧ ಪಂಡಿತನಾಗಿ ರಾಜಮಾನ್ಯನಾಗಿದ್ದಾಗ ತಮ್ಮನು ಆಗಲೇ ಆಚಾರ್ಯರ ಶಿಷ್ಯನಾಗಿ ಅವರ ಓಲೆಗ್ರಂಥಗಳನ್ನು ಕಾಯುತ್ತಿದ್ದನು. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಆ ವರ್ಷಗಳಲ್ಲಿ ಎಂತಹ ಮಾತುಕತೆ ನಡೆದಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಗ್ರಂಥಾಪಹಾರದ ವಾರ್ತೆಯು ಅರಸನಾದ ಜಯಸಿಂಹನನ್ನು ಮುಟ್ಟಿತು. ಅವನ ಪ್ರಯತ್ನದಿಂದ ಗ್ರಂಥಗಳು ದುರುಳರ ಕೈಯಿಂದ ಬಿಡುಗಡೆಯಾದವು. ಅವನ್ನು ಗೌರವಪೂರ್ವಕವಾಗಿ ಹಿಂತಿರುಗಿಸಬೇಕೆಂದು ಅವನು ಶ್ರೀಮದಾಚಾರ್ಯರನ್ನು ತನ್ನ ಸೀಮೆಗೆ ಆಹ್ವಾನಿಸಿದನು. ಆಚಾರ್ಯರು ಶಿಷ್ಯಸಮೂಹದೊಡನೆ ಬಂದಾಗ ಅರಸನು ವಾಹನದಿಂದ ಇಳಿದು, ಪರಿವಾರವನ್ನು ಹಿಂದೆ ಬಿಟ್ಟು, ಕಾಲ್ನಡಿಗೆಯಲ್ಲಿ ಹೋಗಿ ನಮಸ್ಕರಿಸಿದ ದೃಶ್ಯವನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಆಚಾರ್ಯರು ವಿಷ್ಣುಮಂಗಲ ದೇವಾಲಯದಲ್ಲಿ ತಂಗಿದರು. ಅಲ್ಲಿಯ ಅವರ ದಿನಚರಿಯನ್ನು 14ನೆಯ ಸರ್ಗವು ಪ್ರಾತಃಕಾಲದಿಂದ ರಾತ್ರಿಯವರೆಗೆ ವಿಸ್ತಾರವಾಗಿ ಚಿತ್ರಿಸುತ್ತದೆ. ಮಠಗಳಲ್ಲಿ ಇಂದು ನಡೆಯುವ ಪೂಜಾಪಾಠಗಳ ಕ್ರಮಕ್ಕೆ ಆ ಸರ್ಗವೇ ಕನ್ನಡಿ.

ತ್ರಿವಿಕ್ರಮ ಪಂಡಿತರು ಆಚಾರ್ಯರನ್ನು ಪ್ರತ್ಯಕ್ಷವಾಗಿ ಕಂಡುದು ಈ ಸಂದರ್ಭದಲ್ಲಿ. ಅದಕ್ಕೂ ಮೊದಲೇ ಸುತ್ತಲಿನ ಪಂಡಿತರು, ಹೊಸ ಮತವನ್ನು ತಡೆಯಬಲ್ಲವರು ನೀವೊಬ್ಬರೇ ಎಂದು ಅವರನ್ನು ಒತ್ತಾಯಿಸುತ್ತಿದ್ದರು. ಆದರೆ ಅವರು ಆತುರಪಡಲಿಲ್ಲ. ಹಗಲಿನಲ್ಲಿ ಸುಮ್ಮನಿದ್ದು ರಾತ್ರಿಯ ವೇಳೆ ಯಾರಿಗೂ ತಿಳಿಯದಂತೆ ಆಚಾರ್ಯರ ಗ್ರಂಥಗಳನ್ನು ತರಿಸಿಕೊಂಡು ಪರಿಶೀಲಿಸಿದರೆಂದು ಪರಂಪರೆಯಲ್ಲಿ ಹೇಳುತ್ತಾರೆ. ಈ ಸಣ್ಣ ವಿವರವು ನಮಗೆ ಬಹಳ ಮುಖ್ಯವೆನಿಸುತ್ತದೆ. ಎದುರಾಳಿಯ ಗ್ರಂಥವನ್ನು ಓದದೆ ಖಂಡಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ, ಎಲ್ಲ ಮತಗಳಲ್ಲಿಯೂ ಇದ್ದಾರೆ. ಸ್ವಂತ ಕೀರ್ತಿಗೆ ಧಕ್ಕೆ ಬರುವ ಸಂಭವವಿದ್ದರೂ ದೀಪದ ಬೆಳಕಿನಲ್ಲಿ ಕುಳಿತು ಓಲೆಯನ್ನು ಮಗುಚಿದ ಈ ಪಂಡಿತರು ಆ ಗುಂಪಿಗೆ ಸೇರಿದವರಲ್ಲ.

ಕೊನೆಗೆ ವಾದವು ಏರ್ಪಟ್ಟಿತು. ಕಾಸರಗೋಡಿಗೆ ಸಮೀಪವಾದ ಕೂಡ್ಲು ಗ್ರಾಮದ ವಿಷ್ಣುಮಂಗಲ ದೇವಾಲಯವೇ ಆ ವಾದದ ಸ್ಥಾನವೆಂದು ಪ್ರಸಿದ್ಧವಾಗಿದೆ. ವಾದವು 15 ದಿನ ನಡೆಯಿತೆಂದು ಸಂಪ್ರದಾಯವು ಹೇಳುತ್ತದೆ. ಆಚಾರ್ಯರು ತಮ್ಮ ಬ್ರಹ್ಮಸೂತ್ರಭಾಷ್ಯವನ್ನು ಪ್ರವಚನ ಮಾಡುವುದು, ಪಂಡಿತರು ಇತರ ಭಾಷ್ಯಗಳ ಪಕ್ಷವನ್ನು ಹಿಡಿದು ಆಕ್ಷೇಪಿಸುವುದು, ಆಚಾರ್ಯರು ಸಮಾಧಾನ ಹೇಳುವುದು. ಹೀಗೆ ವಾದವು ಸಾಗಿತು. ಇದು ಮಾತಿನ ಚಮತ್ಕಾರದಿಂದ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಸಭಾವಿನೋದವಾಗಿರಲಿಲ್ಲ. ಜಗತ್ತಿಗೆ ಕಾರಣನು ಸರ್ವಜ್ಞನಾದ ಈಶ್ವರನೇ, ಅಥವಾ ಸಾಂಖ್ಯರು ಹೇಳುವ ಅಚೇತನ ಪ್ರಕೃತಿಯೇ? ಬ್ರಹ್ಮನು ತಾನೇ ಜಗತ್ತಾಗಿ ಮಾರ್ಪಟ್ಟರೆ ಅವನು ನಿರ್ವಿಕಾರನಾಗಿ ಉಳಿಯುವುದು ಹೇಗೆ? ಸರ್ವಗುಣರಹಿತವಾದ ಬ್ರಹ್ಮಕ್ಕೂ ಬೌದ್ಧರ ಶೂನ್ಯಕ್ಕೂ ಏನು ವ್ಯತ್ಯಾಸ? ಸುಖದ ಅನುಭವವೇ ಇಲ್ಲದ ಮೋಕ್ಷವನ್ನು ಯಾರು ಬಯಸಿಯಾರು? ಇವು 15ನೆಯ ಸರ್ಗದಲ್ಲಿ ಚರ್ಚೆಗೆ ಬರುವ ಮುಖ್ಯ ವಿಷಯಗಳು. ಈ ಸರ್ಗವನ್ನು ಚೆನ್ನಾಗಿ ತಿಳಿದುಕೊಂಡವನಿಗೆ ಭಾರತೀಯ ದರ್ಶನಗಳ ಸಾರವೇ ಕೈಗೆ ಸಿಕ್ಕಂತೆ.

ಪಂಡಿತರ ಬಾಲ್ಯದ ಸಂದೇಹಕ್ಕೆ ಉತ್ತರವು ಆಚಾರ್ಯರ ಮತದಲ್ಲಿ ಸ್ಪಷ್ಟವಾಗಿತ್ತು. ಶ್ರುತಿಯು ಬ್ರಹ್ಮನನ್ನು ನಿರ್ಗುಣನೆಂದು ಕರೆಯುವಾಗ ಸತ್ತ್ವ, ರಜಸ್ಸು, ತಮಸ್ಸು ಎಂಬ ಪ್ರಕೃತಿಯ ಗುಣಗಳು ಅವನಿಗಿಲ್ಲವೆಂದು ಅರ್ಥ. ಜ್ಞಾನ, ಆನಂದ, ಬಲ ಮುಂತಾದ ಗುಣಗಳು ಅವನ ಸ್ವರೂಪವೇ ಆಗಿವೆ. ಅವು ಹೊರಗಿನಿಂದ ಬಂದು ಅಂಟಿಕೊಂಡವಲ್ಲ. ಹಾಗಾದರೆ ಧ್ಯಾನಕ್ಕೆ ವಿಷಯವಾಗುವ ಮುಕುಂದನೂ ವೇದಾಂತವು ಸಾರುವ ಪರಬ್ರಹ್ಮನೂ ಬೇರೆ ಬೇರೆಯಲ್ಲ. ಕೆಳಗಿನ ಮೆಟ್ಟಿಲಿಗೆ ಒಬ್ಬ ದೇವರು, ಮೇಲಿನ ಮೆಟ್ಟಿಲಿಗೆ ಹೆಸರಿಲ್ಲದ ಇನ್ನೊಂದು ತತ್ತ್ವ ಎಂಬ ವಿಭಾಗವೇ ಬೇಕಾಗುವುದಿಲ್ಲ. ತಂದೆ ಗುಟ್ಟಾಗಿ ಹೇಳಿದ ಮಾತನ್ನು ಇಲ್ಲಿ ಒಬ್ಬ ಯತಿಗಳು ಸಭೆಯ ನಡುವೆ ಪ್ರಮಾಣಪೂರ್ವಕವಾಗಿ ಸಾಧಿಸುತ್ತಿದ್ದರು.

ಅಭೇದವನ್ನು ಹೇಳುವಂತೆ ತೋರುವ ಶ್ರುತಿಗಳ ವಿಷಯವೂ ಹೀಗೆಯೇ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಒಂದೇ ವಾಕ್ಯವನ್ನು ಒಂಬತ್ತು ಬಾರಿ ಉಪದೇಶಿಸುತ್ತಾನೆ. ಜೀವಬ್ರಹ್ಮರ ಐಕ್ಯಕ್ಕೆ ಅದ್ವೈತಿಗಳು ಅದನ್ನು ಮಹಾವಾಕ್ಯವೆನ್ನುತ್ತಾರೆ. ಆಚಾರ್ಯರು ಅಲ್ಲಿ ಬರುವ ಒಂಬತ್ತು ದೃಷ್ಟಾಂತಗಳನ್ನೇ ಎತ್ತಿ ತೋರಿಸಿದರು. ಹಗ್ಗಕ್ಕೆ ಕಟ್ಟಿದ ಹಕ್ಕಿ, ಜೇನಿನಲ್ಲಿ ಸೇರಿದ ನಾನಾ ಹೂಗಳ ರಸ, ಸಮುದ್ರಕ್ಕೆ ಸೇರಿದ ನದಿ, ನೀರಿನಲ್ಲಿ ಕರಗಿದ ಉಪ್ಪು, ಕಣ್ಣು ಕಟ್ಟಿ ಕಾಡಿಗೆ ಬಿಡಲ್ಪಟ್ಟ ಗಾಂಧಾರದ ಮನುಷ್ಯ. ಇವುಗಳಲ್ಲಿ ಹಕ್ಕಿಯೇ ಹಗ್ಗವಲ್ಲ, ಉಪ್ಪೇ ನೀರಲ್ಲ, ಮನುಷ್ಯನೇ ಗಾಂಧಾರವಲ್ಲ. ಭೇದವನ್ನು ಹೇಳುವ ದೃಷ್ಟಾಂತಗಳಿಂದ ಅಭೇದವು ಸಿದ್ಧವಾಗುವುದು ಹೇಗೆ? ಸಂಧಿಯನ್ನು ಬೇರೆ ರೀತಿಯಲ್ಲಿ ಬಿಡಿಸಿದರೆ ಆ ವಾಕ್ಯವೇ ಭೇದಪರವಾಗುತ್ತದೆ ಎಂಬ ಆಚಾರ್ಯರ ನಿರೂಪಣೆಯು ಅಂದಿನಿಂದ ಇಂದಿನವರೆಗೆ ವಿದ್ವತ್ಸಭೆಗಳಲ್ಲಿ ಚರ್ಚಿತವಾಗುತ್ತಲೇ ಇದೆ.

ಕೊನೆಯ ದಿನ ಪಂಡಿತರಲ್ಲಿ ಆಕ್ಷೇಪಗಳು ಉಳಿಯಲಿಲ್ಲ. ಅವರು ಎದ್ದು ಆಚಾರ್ಯರ ಪಾದಗಳಿಗೆ ನಮಸ್ಕರಿಸಿ, ತಮ್ಮ ಚಾಪಲವನ್ನು ಕ್ಷಮಿಸಬೇಕೆಂದು ಬೇಡಿ, ಶಿಷ್ಯತ್ವವನ್ನು ಪ್ರಾರ್ಥಿಸಿದರು. ಅವರು ಕಳೆದುಕೊಳ್ಳಬಹುದಾದುದು ಸ್ವಲ್ಪವೇನಲ್ಲ. ರಾಜಸಭೆಯ ಪ್ರತಿಷ್ಠೆ, ಜೊತೆಯ ಪಂಡಿತರ ವಿಶ್ವಾಸ, ಅದುವರೆಗಿನ ವ್ಯಾಸಂಗದ ಫಲ, ಎಲ್ಲವೂ ಪಣಕ್ಕೆ ಬಿದ್ದಿತ್ತು. ಉತ್ತರ ತೋಚದಿದ್ದಾಗ ವಾದವನ್ನು ಬೇರೆ ದಾರಿಗೆ ಎಳೆದು, ಕೊನೆಗೆ ಸಮಬಲವೆಂದು ಸಾರಿಕೊಂಡು ಮನೆಗೆ ಹೋಗುವ ಉಪಾಯವು ಪಂಡಿತರಿಗೆ ತಿಳಿಯದ ವಿದ್ಯೆಯೇನೂ ಅಲ್ಲ. ಅವರು ಅದನ್ನು ಮಾಡಲಿಲ್ಲ.

ಶ್ರೀಮದಾಚಾರ್ಯರು ಹೊಸ ಶಿಷ್ಯನಿಗೆ ಕೊಟ್ಟ ಮೊದಲ ಆಜ್ಞೆಯು ಅವರ ಯೋಗ್ಯತೆಗೆ ಸಂದ ಮಾನ್ಯತೆ. ತಮ್ಮ ಬ್ರಹ್ಮಸೂತ್ರಭಾಷ್ಯಕ್ಕೆ ಟೀಕೆಯನ್ನು ಬರೆಯುವಂತೆ ಅವರಿಗೆ ಹೇಳಿದರು. ನಿನ್ನೆಯವರೆಗೆ ಆ ಭಾಷ್ಯದಲ್ಲಿ ದೋಷಗಳನ್ನು ಹುಡುಕುತ್ತಿದ್ದವರಿಗೇ ಅದನ್ನು ವಿವರಿಸುವ ಕೆಲಸ! ಹೀಗೆ ಹುಟ್ಟಿದುದು ತತ್ತ್ವಪ್ರದೀಪ. ಆಚಾರ್ಯರ ಸಾಕ್ಷಾತ್ ಶಿಷ್ಯರೊಬ್ಬರು, ಅವರ ಜೀವಿತಕಾಲದಲ್ಲಿ, ಅವರ ಆಜ್ಞೆಯಿಂದಲೇ ಬರೆದ ವ್ಯಾಖ್ಯಾನವಾದುದರಿಂದ ಅದರ ಪ್ರಾಮಾಣ್ಯಕ್ಕೆ ವಿಶೇಷವಾದ ಸ್ಥಾನವಿದೆ.

ಪಂಡಿತರೂ ಗುರುಗಳಲ್ಲಿ ಒಂದು ಪ್ರಾರ್ಥನೆಯನ್ನು ಮಾಡಿದರು. ಭಾಷ್ಯವು ಗಂಭೀರವಾದುದು, ಅಲ್ಪಾಕ್ಷರಗಳಿಂದ ಕೂಡಿದುದು. ಗೀತಾಭಾಷ್ಯ, ದಶೋಪನಿಷದ್ಭಾಷ್ಯ, ಭಾಗವತತಾತ್ಪರ್ಯ, ಮಹಾಭಾರತತಾತ್ಪರ್ಯನಿರ್ಣಯ ಮೊದಲಾದ ಕೃತಿಗಳಿದ್ದರೂ ಅವುಗಳಲ್ಲಿ ಅಡಗಿರುವ ಯುಕ್ತಿಗಳನ್ನು ಮಂದಬುದ್ಧಿಯವರು ಹಿಡಿಯಲಾರರು. ಆದ್ದರಿಂದ ಯುಕ್ತಿಗಳನ್ನು ಸ್ಪಷ್ಟವಾಗಿ ವಿಸ್ತರಿಸುವ ಇನ್ನೊಂದು ಗ್ರಂಥವನ್ನು ಅನುಗ್ರಹಿಸಬೇಕು ಎಂಬುದು ಆ ಪ್ರಾರ್ಥನೆಯ ಸಾರ. ಆಚಾರ್ಯರು ಒಪ್ಪಿದರು. ನಾಲ್ವರು ಶಿಷ್ಯರನ್ನು ಕೂರಿಸಿ, ಬ್ರಹ್ಮಸೂತ್ರದ ಸಮನ್ವಯ, ಅವಿರೋಧ, ಸಾಧನ, ಫಲ ಎಂಬ ನಾಲ್ಕು ಅಧ್ಯಾಯಗಳನ್ನು ಏಕಕಾಲದಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಹೇಳಿ ಬರೆಯಿಸಿದರೆಂದು ಸುಮಧ್ವವಿಜಯವು ವರ್ಣಿಸುತ್ತದೆ. ಅದೇ ಅನುವ್ಯಾಖ್ಯಾನ. ಮುಂದೆ ಶ್ರೀ ಜಯತೀರ್ಥರು ಅದಕ್ಕೆ ಬರೆದ ಟೀಕೆಯೇ ಶ್ರೀಮನ್ನ್ಯಾಯಸುಧಾ. ಸುಧಾಮಂಗಳಗಳನ್ನು ವೈಭವದಿಂದ ಆಚರಿಸುವ ನಾವು, ಆ ಅಮೃತದ ಮೂಲದಲ್ಲಿ ಒಬ್ಬ ಗೃಹಸ್ಥಶಿಷ್ಯನ ವಿನಂತಿಯಿತ್ತೆಂಬುದನ್ನು ಸ್ಮರಿಸುವುದು ಕಡಿಮೆ.

ಗೃಹಸ್ಥರು ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಶ್ರೀಮದಾಚಾರ್ಯರ ಪ್ರಸಿದ್ಧ ಶಿಷ್ಯರಲ್ಲಿ ಬಹುಮಂದಿ ಯತಿಗಳು. ಪದ್ಮನಾಭತೀರ್ಥರು, ನರಹರಿತೀರ್ಥರು, ಉಡುಪಿಯ ಅಷ್ಟಮಠಗಳ ಮೂಲಯತಿಗಳು. ತ್ರಿವಿಕ್ರಮ ಪಂಡಿತಾಚಾರ್ಯರು ಸಂನ್ಯಾಸವನ್ನು ಸ್ವೀಕರಿಸಲಿಲ್ಲ. ಹೆಂಡತಿ, ಮಕ್ಕಳು, ತಮ್ಮ, ಮನೆ, ಬಂಧುಬಳಗದ ನಡುವೆ ಇದ್ದುಕೊಂಡೇ ಅವರು ಶಾಸ್ತ್ರವನ್ನು ಬೆಳಗಿದರು. ಅವರ ಮನೆಯೇ ಒಂದು ಪಾಠಶಾಲೆಯಾಯಿತು. ತಮ್ಮಂದಿರಾದ ಶಂಕರಪಂಡಿತರು ಸಂಬಂಧದೀಪಿಕಾ ಎಂಬ ವ್ಯಾಖ್ಯಾನವನ್ನು ಬರೆದರು. ಲಘುವಾಯುಸ್ತುತಿಯನ್ನು ರಚಿಸಿದ ಕಲ್ಯಾಣೀದೇವಿಯವರು ಇದೇ ಮನೆತನದವರೆಂದು ಸಂಪ್ರದಾಯವು ಸ್ಮರಿಸುತ್ತದೆ. ಆ ಕಾಲದಲ್ಲಿ ಮನೆಯ ಹೆಣ್ಣುಮಗಳೊಬ್ಬರು ಸಂಸ್ಕೃತದಲ್ಲಿ ಸ್ತೋತ್ರವನ್ನು ರಚಿಸುವಷ್ಟು ವಿದ್ಯಾವತಿಯಾಗಿದ್ದುದು ಆ ಮನೆಯ ವಾತಾವರಣಕ್ಕೆ ಸಾಕ್ಷಿ. ಮಗ ನಾರಾಯಣ ಪಂಡಿತಾಚಾರ್ಯರಂತೂ ಸುಮಧ್ವವಿಜಯ, ಮಣಿಮಂಜರಿ ಮುಂತಾದ ಕೃತಿಗಳಿಂದ ಮನೆಮಾತಾದರು. ಒಬ್ಬರು ಒಪ್ಪಿಕೊಂಡ ಸತ್ಯವು ಇಡೀ ಕುಟುಂಬದ ವಿದ್ಯೆಯಾಗಿ ಹರಿದ ಬಗೆ ಇದು.

ಇನ್ನು ವಾಯುಸ್ತುತಿಯ ವಿಷಯ. ಅದರ ಹುಟ್ಟಿನ ಕಥೆಯನ್ನು ನಮ್ಮ ಹಿರಿಯರು ಹೀಗೆ ಹೇಳುತ್ತಾರೆ. ಉಡುಪಿಯಲ್ಲಿ ಒಂದು ದಿನ ಶ್ರೀಮದಾಚಾರ್ಯರು ಬಾಗಿಲು ಮುಚ್ಚಿ ಶ್ರೀಕೃಷ್ಣನಿಗೆ ನೈವೇದ್ಯ ಸಮರ್ಪಿಸುತ್ತಿದ್ದರು. ಹೊರಗೆ ಕಾಯುತ್ತಿದ್ದ ತ್ರಿವಿಕ್ರಮ ಪಂಡಿತರಿಗೆ ಘಂಟಾನಾದವು ಎಂದಿಗಿಂತ ದೀರ್ಘವಾಗಿ ಕೇಳಿಸಿತು. ಕುತೂಹಲದಿಂದ ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದಾಗ ಹನುಮಂತನು ಶ್ರೀರಾಮನನ್ನೂ, ಭೀಮಸೇನನು ಶ್ರೀಕೃಷ್ಣನನ್ನೂ, ಮಧ್ವರು ಶ್ರೀವೇದವ್ಯಾಸರನ್ನೂ ಪೂಜಿಸುತ್ತಿರುವುದು ಕಾಣಿಸಿತು. ಆ ದರ್ಶನದಿಂದ ರೋಮಾಂಚಿತರಾದ ಪಂಡಿತರ ಮುಖದಿಂದ ವಾಯುದೇವರ ಮೂರು ಅವತಾರಗಳನ್ನು ಸ್ತುತಿಸುವ ಶ್ಲೋಕಗಳು ಹೊರಹೊಮ್ಮಿದವು. ಕೇವಲ ತಮ್ಮ ಸ್ತೋತ್ರವು ಪಠಿತವಾಗುವುದನ್ನು ಆಚಾರ್ಯರು ಒಪ್ಪದೆ, ನರಸಿಂಹದೇವರ ನಖಗಳನ್ನು ಸ್ತುತಿಸುವ ಎರಡು ಶ್ಲೋಕಗಳನ್ನು ತಾವೇ ರಚಿಸಿ, ಸ್ತೋತ್ರದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಪಠಿಸುವಂತೆ ವಿಧಿಸಿದರು. ಇಂದಿಗೂ ಪಾರಾಯಣದಲ್ಲಿ ಅದೇ ಕ್ರಮ. ಸ್ತೋತ್ರದಲ್ಲಿ 41 ಶ್ಲೋಕಗಳಿವೆ. ಛಂದಸ್ಸು ಪಾದಕ್ಕೆ 21 ಅಕ್ಷರಗಳ ಸ್ರಗ್ಧರಾ. ಉಸಿರಿನ ಮೇಲೆ ಹಿಡಿತವಿಲ್ಲದವರಿಗೆ ಸ್ರಗ್ಧರೆಯು ಸುಲಭವಲ್ಲ. ಪ್ರಾಣದೇವರ ಸ್ತುತಿಗೆ ಪ್ರಾಣವನ್ನು ಪರೀಕ್ಷಿಸುವ ಛಂದಸ್ಸೇ ಒದಗಿಬಂದುದು ಎಷ್ಟು ಸಮಂಜಸ!

ತತ್ತ್ವಪ್ರದೀಪದ ಮುಂದಿನ ಚರಿತ್ರೆಯು ಅಷ್ಟು ಉಜ್ಜ್ವಲವಾಗಿಲ್ಲ. ಶ್ರೀ ಜಯತೀರ್ಥರ ತತ್ತ್ವಪ್ರಕಾಶಿಕೆಯು ಬಂದ ಬಳಿಕ ಭಾಷ್ಯದ ಪಾಠಕ್ಕೆ ಅದೇ ಪ್ರಧಾನವಾಯಿತು; ಶ್ರೀ ವ್ಯಾಸರಾಜರ ತಾತ್ಪರ್ಯಚಂದ್ರಿಕೆಯೂ ಅದನ್ನೇ ಅನುಸರಿಸಿತು. ಮೊದಲ ತಲೆಮಾರಿನ ಟೀಕೆಗಳನ್ನು ಓದುವವರು ಕಡಿಮೆಯಾದರು. ಟೀಕಾಚಾರ್ಯರ ಶೈಲಿಯ ಪ್ರೌಢಿಮೆ ಮತ್ತು ಅಚ್ಚುಕಟ್ಟುತನದ ಮುಂದೆ ಇದು ಸಹಜವೇ ಆದರೂ, ಆಚಾರ್ಯರ ಪ್ರವಚನವನ್ನು ಪ್ರತ್ಯಕ್ಷವಾಗಿ ಕೇಳಿದವರ ಲೇಖನಿಯಿಂದ ಬಂದ ಗ್ರಂಥವನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ತೆರೆದು ನೋಡುವುದು ಉಚಿತ.

ಈ ವಾಙ್ಮಯದ ರಕ್ಷಣೆಯಲ್ಲಿ ನಮ್ಮ ಮುಂಬಯಿಗೂ ಒಂದು ಪಾಲಿದೆ ಎಂಬುದನ್ನು ಇಲ್ಲಿಯ ಭಕ್ತರು ಹೆಮ್ಮೆಯಿಂದ ನೆನೆಯಬಹುದು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಕುಂಭಕೋಣದ ಟಿ. ಆರ್. ಕೃಷ್ಣಾಚಾರ್ಯರು ದ್ವೈತವೇದಾಂತದ ಗ್ರಂಥಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದುದು ಈ ನಗರದ ಪ್ರಸಿದ್ಧ ನಿರ್ಣಯಸಾಗರ ಮುದ್ರಣಾಲಯದಲ್ಲಿ. ಒಂದು ಭಂಡಾರ ಅಪಹೃತವಾದರೆ ಒಂದು ದರ್ಶನವೇ ಅಪಾಯಕ್ಕೆ ಸಿಲುಕುತ್ತಿದ್ದ ಕಾಲವು ಆ ಅಚ್ಚಿನ ಮೊಳೆಗಳಿಂದ ಕೊನೆಗೊಂಡಿತು. ಮುಂದೆ ಇದೇ ನಗರದ ರೂಪಾರೆಲ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎನ್. ಕೆ. ಶರ್ಮಾ ಅವರು (1909–2005) ದ್ವೈತವೇದಾಂತದ ಮತ್ತು ಅದರ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಎರಡು ಸಂಪುಟಗಳಲ್ಲಿ ಬರೆದರು; 1960–61ರಲ್ಲಿ ಮುಂಬಯಿಯಲ್ಲಿಯೇ ಅವು ಪ್ರಕಟವಾದವು. ತ್ರಿವಿಕ್ರಮ ಪಂಡಿತಾಚಾರ್ಯರ ಕಾಲ, ಕೃತಿಗಳು, ಅವರ ಶೈಲಿಯ ವೈಶಿಷ್ಟ್ಯ ಇವುಗಳನ್ನು ಆಧುನಿಕ ವಿದ್ವಲ್ಲೋಕವು ತಿಳಿದುದು ಹೆಚ್ಚಾಗಿ ಆ ಗ್ರಂಥದ ಮೂಲಕ.

ಪಂಡಿತಾಚಾರ್ಯರ ವಂಶದ ಪರಂಪರೆಯೊಡನೆ ಕಾಸರಗೋಡು ಸೀಮೆಯ ಕಾವು ಮಠದ ಹೆಸರು ಜೋಡಿಕೊಂಡಿದೆ. ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣವಾಗಿ ತೆರೆದ ಮೇಲೆ ಮುಂಬಯಿಯಿಂದ ಕಾಸರಗೋಡಿಗೆ ಹೋಗುವುದು ಒಂದು ರಾತ್ರಿಯ ಪ್ರಯಾಣದ ಮಾತಾಗಿದೆ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವ ನಮ್ಮ ಕುಟುಂಬಗಳು ಉಡುಪಿ, ಪಾಜಕ, ಸುಬ್ರಹ್ಮಣ್ಯ ಕ್ಷೇತ್ರಗಳ ದರ್ಶನದೊಡನೆ ಮಂಜೇಶ್ವರದ ಬಳಿಯ ಕಣ್ವತೀರ್ಥವನ್ನೂ, ಅಲ್ಲಿಂದ ದಕ್ಷಿಣಕ್ಕೆ ಕೂಡ್ಲು ವಿಷ್ಣುಮಂಗಲವನ್ನೂ ನೋಡಿ ಬರಬಹುದು. ವಿಷ್ಣುಮಂಗಲದ ಪ್ರಾಂಗಣದಲ್ಲಿ ಕುಳಿತು ಸುಮಧ್ವವಿಜಯದ 15ನೆಯ ಸರ್ಗವನ್ನು ಪಾರಾಯಣ ಮಾಡಿಕೊಂಡು ಬರಲು ಒಂದು ಗಂಟೆಯ ಅವಕಾಶ ಸಾಕು.

॥ ಶ್ರೀಕೃಷ್ಣಾರ್ಪಣಮಸ್ತು ॥